ಕೊಲೆಗಾರನ ಹೆಸರನ್ನು ಮೊದಲೇ ಹೇಳಿಬಿಡದ ರೂಪ ಯಾವುದು? ಪುಸ್ತಕ, ಇ-ಬುಕ್, ಆಡಿಯೋಬುಕ್, ಡಿಸ್ಕ್, ಸ್ಟ್ರೀಮಿಂಗ್: ಒಂದು ಹೋಲಿಕೆ

ಹೊಸ ಪತ್ತೇದಾರಿ ಕತೆಯೊಂದು ಬಿಡುಗಡೆಯಾದಾಗ ಅದನ್ನು ಯಾವ ರೂಪದಲ್ಲಿ ಕೊಳ್ಳಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಮೊದಲೇ ಸಿದ್ಧವಾಗಿದೆ: ಪೇಪರ್‌ಬ್ಯಾಕ್ ಬರುವ ತನಕ ಕಾದು ಅದನ್ನೇ ಕೊಳ್ಳಬೇಕು. ಆದ್ದರಿಂದ ಮುಂದಿನ ಹೋಲಿಕೆಯನ್ನು ತಕ್ಕಡಿ ಹಿಡಿದು ತೂಗಿದ ನ್ಯಾಯವೆಂದು ಯಾರೂ ಭಾವಿಸಬಾರದು. ಈ ಬರಹಕ್ಕೆ ಕಾರಣವಾದದ್ದು ಒಂದು ಕೆಟ್ಟ ಖರೀದಿ. ಆರು ಕಂತುಗಳ ಹೊಸ ಪತ್ತೇದಾರಿ ಧಾರಾವಾಹಿಯೊಂದರ, ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂ-ರೇ ಡಿಸ್ಕ್‌ಗಳ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಕಾದು ತರಿಸಿಕೊಂಡಿದ್ದೆ. ಎರಡನೆಯ ಕಂತು ಅರ್ಧ ಮುಗಿಯುವ ಮೊದಲೇ ಕೊಲೆಗಾರ ಯಾರೆಂಬುದನ್ನು ಆ ಡಿಸ್ಕೇ ನನಗೆ ಹೇಳಿಬಿಟ್ಟಿತು.

ಇಂಥ ಹೋಲಿಕೆಯಲ್ಲಿ ಒಂದು ಸಹಜವಾದ ತೊಡಕಿದೆ. ಒಂದೇ ಕತೆಯನ್ನು ಐದು ರೂಪಗಳಲ್ಲಿ ಪರೀಕ್ಷಿಸಲು ಬರುವುದಿಲ್ಲ, ಏಕೆಂದರೆ ಮೊದಲ ಬಾರಿಗೇ ಗುಟ್ಟು ಬಯಲಾಗಿರುತ್ತದೆ. ಹಾಗಾಗಿ ಸುಮಾರು ಒಂದು ವರ್ಷದ ಅವಧಿಯಲ್ಲಿ ಬೇರೆ ಬೇರೆ ಹೊಸ ಕತೆಗಳನ್ನು ಬೇರೆ ಬೇರೆ ರೂಪಗಳಲ್ಲಿ ಕೊಂಡು, ಪ್ರತಿಯೊಂದೂ ತನ್ನ ಗುಟ್ಟನ್ನು ಎಷ್ಟರ ಮಟ್ಟಿಗೆ ಕಾಪಾಡಿತು, ಅನುಮಾನ ಬಂದಾಗ ಹಿಂದಿರುಗಿ ನೋಡಲು ಎಷ್ಟು ಸುಲಭವಾಗಿತ್ತು ಎಂಬ ಎರಡೇ ಪ್ರಶ್ನೆಗಳನ್ನು ಇಟ್ಟುಕೊಂಡೆ. ಚಿತ್ರದ ಗೆರೆಗಳೆಷ್ಟು, ಡಿಸ್ಕಿನ ಧಾರಣಶಕ್ತಿಯೆಷ್ಟು ಎಂಬ ವಿವರಗಳು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತವೆ. ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಮೊದಲು ಆ ಡಿಸ್ಕಿನ ಸಂಗತಿ. ಧಾರಾವಾಹಿಯ ಪಾತ್ರಗಳು ಬಾಯೊಳಗೇ ಮಾತನ್ನು ನುಂಗುವ ಜಾತಿಯವು, ಅದರ ಮೇಲೆ ಹಿನ್ನೆಲೆ ಸಂಗೀತ ಬೇರೆ. ಹತ್ತು ನಿಮಿಷ ಕಿವಿಗೊಟ್ಟು ಸೋತು ಸಬ್‌ಟೈಟಲ್ ಹಾಕಿಕೊಂಡೆ. ಆ ಡಿಸ್ಕಿನಲ್ಲಿದ್ದುದು ಕಿವಿ ಕೇಳದವರಿಗಾಗಿ ಸಿದ್ಧಪಡಿಸಿದ ಒಂದೇ ಒಂದು ಬಗೆಯ ಸಬ್‌ಟೈಟಲ್. ಅದರಲ್ಲಿ ಮಾತಿನ ಜೊತೆಗೆ ಬಾಗಿಲು ಕಿರುಗುಟ್ಟಿದ್ದು, ಮಳೆ ಸುರಿದದ್ದು, ಮಾತಾಡುತ್ತಿರುವವರು ಪರದೆಯ ಮೇಲೆ ಕಾಣದಿದ್ದರೆ ಅವರ ಹೆಸರು, ಎಲ್ಲವೂ ಬರುತ್ತದೆ. ಎರಡನೆಯ ಕಂತಿನಲ್ಲಿ ಸತ್ತವಳ ತಂಗಿಗೆ ನಡುರಾತ್ರಿ ಫೋನು ಬರುತ್ತದೆ. ಪರದೆಯ ಮೇಲೆ ಕಾಣುವುದು ಕೈಗವಸು ತೊಟ್ಟ ಒಂದು ಕೈ ಮಾತ್ರ. ದನಿಯನ್ನು ಯಂತ್ರದಿಂದ ಒಡಕಾಗಿಸಿದ್ದಾರೆ. ನಿರ್ದೇಶಕರು ಇಷ್ಟೆಲ್ಲ ಶ್ರಮಪಟ್ಟು ಮುಚ್ಚಿಟ್ಟ ಆ ದನಿಯ ಕೆಳಗೆ, ಚೌಕದ ಆವರಣದಲ್ಲಿ, ಅಚ್ಚುಕಟ್ಟಾದ ಬಿಳಿಯ ಅಕ್ಷರಗಳಲ್ಲಿ, ಅಲ್ಲಿಯವರೆಗೆ ಎಲ್ಲರಿಗೂ ಸಾಂತ್ವನ ಹೇಳಿಕೊಂಡು ತಿರುಗುತ್ತಿದ್ದ ಕುಟುಂಬ ವೈದ್ಯನ ಹೆಸರು ಮೂಡಿ ಬಂತು.

ಮೊದಲಿಗೆ ಇದೂ ಒಂದು ಜಾಣತನದ ದಾರಿತಪ್ಪಿಸುವ ತಂತ್ರವಿರಬಹುದೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಅದು ತಂತ್ರವಾಗಿರಲಿಲ್ಲ. ಉಳಿದ ನಾಲ್ಕು ಕಂತುಗಳುದ್ದಕ್ಕೂ ಪತ್ತೇದಾರಳು ತೋಟದ ಮಾಲಿಯನ್ನೂ ಸಾಲಗಾರ ಅಳಿಯನನ್ನೂ ಬೆನ್ನಟ್ಟುತ್ತಿರುವಾಗ, ನಾನು ವೈದ್ಯನ ಮುಖವನ್ನೇ ನೋಡುತ್ತ ಕುಳಿತಿದ್ದೆ. ಸಬ್‌ಟೈಟಲ್ ತೆಗೆದರೆ ಮಾತು ತಿಳಿಯದು, ಇಟ್ಟುಕೊಂಡರೆ ಇನ್ನೇನನ್ನು ಹೇಳಿಬಿಡುತ್ತದೋ ಎಂಬ ಭಯ. ಮುಖ ಕಾಣದ ದನಿ ಬಂದಾಗಲೆಲ್ಲ ಕಣ್ಣನ್ನು ಪರದೆಯ ಮೇಲರ್ಧಕ್ಕೆ ಬಲವಂತವಾಗಿ ಎತ್ತಿ ಹಿಡಿಯುವ ಒಂದು ವಿಚಿತ್ರ ವ್ಯಾಯಾಮವನ್ನೂ ಕಲಿತೆ. ಕೊನೆಗೆ ಟೀವಿಯ ಕೆಳಗಂಚಿಗೆ ಹಳೆಯ ಪತ್ರಿಕೆಯ ಪಟ್ಟಿಯೊಂದನ್ನು ಅಂಟಿಸಿ, ಬೇಕಾದಾಗ ಎತ್ತಿ ಓದುವ ಏರ್ಪಾಡು ಮಾಡಿಕೊಂಡೆ. ಮನೆಯವರು ಏನೆಂದರೆಂಬುದನ್ನು ಬರೆಯುವ ಅಗತ್ಯವಿಲ್ಲ.

ಹೀಗೇಕೆ ಆಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಬ್‌ಟೈಟಲ್ ಬರೆಯುವವರ ಕೈಗೆ ಪೂರ್ಣ ಚಿತ್ರಕತೆ ಸಿಕ್ಕಿರುತ್ತದೆ. ಅದರಲ್ಲಿ ಆ ಮಾತಿನ ಎದುರು ಪಾತ್ರದ ನಿಜವಾದ ಹೆಸರೇ ಇರುತ್ತದೆ. ಅವಸರದಲ್ಲಿದ್ದವರು ಅದನ್ನೇ ಇಳಿಸಿಬಿಡುತ್ತಾರೆ. ಸರಿಯಾದ ಕ್ರಮವೇನೆಂಬುದು ಆ ಕಸುಬಿನವರಿಗೆ ತಿಳಿಯದ್ದೇನೂ ಅಲ್ಲ. ಪಾತ್ರದ ಗುರುತು ಕತೆಯಲ್ಲಿ ಬಯಲಾಗುವ ತನಕ ‘ಗಂಡಸಿನ ದನಿ’, ‘ಹೆಂಗಸಿನ ದನಿ’ ಎಂದಷ್ಟೇ ಬರೆಯಬೇಕೆಂದು ನೆಟ್‌ಫ್ಲಿಕ್ಸ್ ತನ್ನ ಸಬ್‌ಟೈಟಲ್ ಬರಹಗಾರರಿಗೆ ಕೊಡುವ ಸೂಚನೆಗಳಲ್ಲಿ ಇದೆ. ನಾನಾದರೂ ಪತ್ರಿಕೆಯ ಪಟ್ಟಿ ಅಂಟಿಸಿ ಪಾರಾದೆ; ಯಾರಿಗಾಗಿ ಆ ಸಾಲುಗಳನ್ನು ಸಿದ್ಧಪಡಿಸಿದ್ದಾರೋ ಆ ಕಿವಿ ಕೇಳದ ಪ್ರೇಕ್ಷಕರಿಗೆ ಅವುಗಳನ್ನು ಬಿಟ್ಟು ಬೇರೆ ದಾರಿಯೇ ಇಲ್ಲ. ಕತೆಯ ಗುಟ್ಟನ್ನು ಕಳೆದುಕೊಳ್ಳುವುದು ಅವರ ಪಾಲಿಗೆ ಟಿಕೆಟ್ಟಿನ ಜೊತೆಗೇ ಬಂದಂತಾಯಿತು.

ಡಿಸ್ಕಿನ ಮುಖ್ಯ ಮೆನುವಿನ ಹಿಂದೆ ತುಣುಕು ದೃಶ್ಯಗಳನ್ನು ಸುತ್ತಿಸುವ ಅಭ್ಯಾಸದ ಬಗ್ಗೆಯೂ ಒಂದು ಮಾತು ಹೇಳಬೇಕು: ಕೊನೆಯ ಕಂತಿನ ಬಂಧನದ ದೃಶ್ಯವನ್ನು ಮೆನುವಿನಲ್ಲಿ ತೋರಿಸುವವರಿಗೆ ಪತ್ತೇದಾರಿ ಕತೆಯೆಂದರೇನೆಂದು ಯಾರಾದರೂ ತಿಳಿಹೇಳಬೇಕು. ಹೊರದೇಶದಿಂದ ತರಿಸುವವರು ವಲಯದ ಸಂಕೇತವನ್ನು ನೋಡಿಕೊಳ್ಳಲಿ, ಬೇರೆ ವಲಯದ ಡಿಸ್ಕು ಇಲ್ಲಿಯ ಯಂತ್ರದಲ್ಲಿ ಓಡದೇ ಹೋಗಬಹುದು. ಡಿವಿಡಿಗೆ ಜಗತ್ತನ್ನು 6 ವಲಯಗಳಾಗಿಯೂ ಬ್ಲೂ-ರೇಗೆ ಎ, ಬಿ, ಸಿ ಎಂಬ 3 ವಲಯಗಳಾಗಿಯೂ ಹಂಚಿದ್ದಾರೆ, 2016ರಲ್ಲಿ ಬಂದ 4ಕೆ ಡಿಸ್ಕಿಗೆ ಈ ಗೋಳಿಲ್ಲ.

ಇಷ್ಟು ಬೈದ ಮೇಲೆ ಡಿಸ್ಕಿಗೆ ಸಲ್ಲಬೇಕಾದ ಮೆಚ್ಚುಗೆಯನ್ನೂ ಸಲ್ಲಿಸಬೇಕು. ಹೇಗೂ ಗುಟ್ಟು ಕೈತಪ್ಪಿ ಹೋಗಿತ್ತಾದ್ದರಿಂದ, ಅದೇ ಎರಡನೆಯ ಕಂತನ್ನು ಸ್ಟ್ರೀಮಿಂಗ್‌ನಲ್ಲಿಯೂ ಒಮ್ಮೆ ನೋಡಿದೆ. ನೆಲಮಾಳಿಗೆಯ ಕತ್ತಲಲ್ಲಿ ಗೋಡೆಗೆ ನೇತುಹಾಕಿದ ಒಂದು ಮಳೆಯಂಗಿ ಇದೆ. ಅದರ ಮೂರನೆಯ ಗುಂಡಿ ಕಿತ್ತುಹೋಗಿದೆ. ಕತೆಗೆ ಅದೇ ದೊಡ್ಡ ಸುಳಿವು. ಬ್ಲೂ-ರೇಯಲ್ಲಿ ಆ ಗುಂಡಿಯ ಜಾಗದಲ್ಲಿ ನೇತಾಡುವ ದಾರ ಸಹ ಕಾಣುತ್ತದೆ. ಸ್ಟ್ರೀಮಿಂಗ್‌ನಲ್ಲಿ ಅಲ್ಲಿದ್ದುದು ಬೂದುಬಣ್ಣದ ಚೌಕಗಳ ಒಂದು ರಾಶಿ, ಅಂಗಿಯೆಲ್ಲಿ, ಗೋಡೆಯೆಲ್ಲಿ ಎಂದು ಬೇರ್ಪಡಿಸಲು ಬರಲಿಲ್ಲ. ಬ್ಲೂ-ರೇ ಡಿಸ್ಕಿನಲ್ಲಿ ಚಿತ್ರಕ್ಕೆಂದೇ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ದತ್ತಾಂಶ ಬಳಸಲು ಅವಕಾಶವಿದ್ದರೆ, 1080 ಗೆರೆಗಳ ಚಿತ್ರವನ್ನು ನೋಡಲು ನೆಟ್‌ಫ್ಲಿಕ್ಸ್ ಸೂಚಿಸುವ ಅಂತರ್ಜಾಲದ ವೇಗವೇ 5 ಮೆಗಾಬಿಟ್. ದತ್ತಾಂಶವನ್ನು ಕುಗ್ಗಿಸುವ ತಂತ್ರ ಎಷ್ಟೇ ಸುಧಾರಿಸಿದ್ದರೂ ಆ ಉಳಿತಾಯದ ಹೊರೆ ಮೊದಲು ಬೀಳುವುದು ಕತ್ತಲ ದೃಶ್ಯಗಳ ಮೇಲೆ. ಪತ್ತೇದಾರಿ ಕತೆಗಳಲ್ಲಿ ಮುಖ್ಯವಾದುದೆಲ್ಲ ಕತ್ತಲಲ್ಲಿಯೇ ನಡೆಯುವುದು ದುರದೃಷ್ಟ.

ಸ್ಟ್ರೀಮಿಂಗ್‌ನ ಉಳಿದ ದೋಷಗಳು ಎಲ್ಲರಿಗೂ ಅನುಭವಕ್ಕೆ ಬಂದಿರುವಂಥವು. ಮುಂದಿನ ಕಂತಿನ ಪುಟ್ಟ ಚಿತ್ರದಲ್ಲಿ ಇನ್ನೂ ಸಂಕಟದಲ್ಲಿರುವ ಪಾತ್ರ ನಗುತ್ತ ನಿಂತಿರುತ್ತದೆ, ಅಲ್ಲಿಗೆ ಅದು ಬದುಕಿತೆಂದಾಯಿತು. ಪರವಾನಗಿಯ ಅವಧಿ ಮುಗಿದ ದಿನ ಅರ್ಧ ನೋಡಿದ ಧಾರಾವಾಹಿ ಮಾಯವಾಗುತ್ತದೆ. ಒಮ್ಮೆ ನೋಡಿ ಮರೆಯುವಂಥದ್ದಕ್ಕೆ ಅದಕ್ಕಿಂತ ಅಗ್ಗವಾದ ದಾರಿ ಇಲ್ಲವೆಂಬುದೂ ಸತ್ಯ.

ಇ-ಬುಕ್ ಬಗ್ಗೆ ನನಗೆ ದೊಡ್ಡ ನಿರೀಕ್ಷೆಯಿತ್ತು, ಏಕೆಂದರೆ ಹುಡುಕುವ ಸೌಲಭ್ಯ ಪತ್ತೇದಾರಿ ಓದುಗನಿಗೆ ವರವೆಂದುಕೊಂಡಿದ್ದೆ. ಕಾದಂಬರಿಯ ನಡುವೆ ಒಬ್ಬ ವಕೀಲನ ಹೆಸರು ಬಂತು. ಇವನನ್ನು ಹಿಂದೆಲ್ಲಿ ಕಂಡೆನೆಂದು ನೆನಪಾಗದೆ ಹೆಸರನ್ನು ಒತ್ತಿ ಹುಡುಕಿದೆ. ಹಿಂದಿನ ಉಲ್ಲೇಖಗಳ ಜೊತೆಗೆ ಮುಂದಿನವೂ, ಒಂದೊಂದರ ಪಕ್ಕದಲ್ಲೂ ಅರ್ಧ ವಾಕ್ಯದ ಸಮೇತ, ಸಾಲಾಗಿ ಬಂದು ನಿಂತವು. ಕಡೆಯ ಉಲ್ಲೇಖದಲ್ಲಿ ‘ಹೆಣ’ ಎಂಬ ಪದವಿತ್ತು. ಓದಿದಷ್ಟರೊಳಗೆ ಮಾತ್ರ ಹುಡುಕು ಎಂದು ಹೇಳುವ ಗುಂಡಿಯೊಂದನ್ನು ಇಡಬಾರದೇ? ಇನ್ನು ಪರದೆಯ ಮೂಲೆಯ ಶೇಕಡಾ ಲೆಕ್ಕವನ್ನೂ ನಂಬುವಂತಿಲ್ಲ. 88 ಎಂದು ತೋರಿಸುತ್ತಿದ್ದಾಗ ಕತೆಯೇ ಮುಗಿದುಹೋಯಿತು, ಉಳಿದದ್ದು ಲೇಖಕರ ಮುಂದಿನ ಕಾದಂಬರಿಯ ಮಾದರಿ ಅಧ್ಯಾಯ. ಇನ್ನೂ ಒಂದು ತಿರುವಿದೆಯೆಂದು ಕಾಯುತ್ತಿದ್ದವನಿಗೆ, ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ನೆಲ ಸಿಕ್ಕಂತಾಯಿತು. ಕೊಂಡ ಇ-ಬುಕ್ ನಮ್ಮದೇ ಎಂಬ ಭಾವನೆಯನ್ನು 2009ರ ಜುಲೈನಲ್ಲಿಯೇ ಬಿಡಬೇಕಾಗಿ ಬಂತು. ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ ಅಮೆಜಾನ್ ಆಗ ಜಾರ್ಜ್ ಆರ್ವೆಲ್ ಅವರ ಎರಡು ಕೃತಿಗಳನ್ನು ಗ್ರಾಹಕರ ಕಿಂಡಲ್ ಎಂಬ ಇ-ಬುಕ್ ಓದುವ ಸಾಧನಗಳಿಂದ ಅಳಿಸಿಹಾಕಿ, ಹಣ ಹಿಂದಿರುಗಿಸಿ, ಬಳಿಕ ಕ್ಷಮೆ ಕೇಳಿತು.

ಆಡಿಯೋಬುಕ್‌ನ ಸಮಸ್ಯೆ ಹೆಚ್ಚು ಕುತೂಹಲಕರವಾದದ್ದು. ನಾನು ಕೇಳಿದ ಕಾದಂಬರಿಯಲ್ಲಿ ಕೊಲೆಗಾರನದೇ ನಿರೂಪಣೆಯ ಕಿರು ಅಧ್ಯಾಯಗಳು ನಡುನಡುವೆ ಬರುತ್ತವೆ. ಅದು ಗಂಡೋ ಹೆಣ್ಣೋ ಎಂಬುದನ್ನು ಲೇಖಕಿ ಕಡೆಯವರೆಗೆ ಬಿಟ್ಟುಕೊಡುವುದಿಲ್ಲವೆಂದು ಪುಸ್ತಕವನ್ನು ಓದಿದ ಗೆಳೆಯರು ಬಳಿಕ ಹೇಳಿದರು. ನನಗೆ ಮಾತ್ರ ಅದು ಮೊದಲ ವಾಕ್ಯಕ್ಕೇ ತಿಳಿದಿತ್ತು, ಏಕೆಂದರೆ ಆ ಅಧ್ಯಾಯಗಳನ್ನು ಓದಲು ಒಬ್ಬ ಗಂಡಸನ್ನು ನೇಮಿಸಿದ್ದರು. ದನಿಗೆ ಲಿಂಗವಿದೆ, ಅಚ್ಚಾದ ಅಕ್ಷರಕ್ಕಿಲ್ಲ. ಕನ್ನಡಕ್ಕೆ ಅನುವಾದಿಸುವವರಿಗೂ ಇದೇ ಪಾಡು: ‘ನಾನು ಬಂದೆ’ ಎನ್ನುವಷ್ಟು ಹೊತ್ತು ಗುಟ್ಟು ನಿಲ್ಲುತ್ತದೆ, ಬೇರೆಯವರ ಕಣ್ಣಿನಿಂದ ಹೇಳತೊಡಗಿದ ಕೂಡಲೇ ‘ಬಂದನು’, ‘ಬಂದಳು’ ಎಂಬ ಕ್ರಿಯಾಪದದ ಕೊನೆಯೇ ಚಾಡಿ ಹೇಳುತ್ತದೆ; ‘ಆ ಆಕೃತಿ ಬಂದಿತು’ ಎಂದು ಬರೆದು ತಪ್ಪಿಸಿಕೊಳ್ಳಬೇಕು. ಆಡಿಯೋದಲ್ಲಿ ಹಿಂದಿರುಗಿ ಸುಳಿವನ್ನು ಹುಡುಕುವುದಂತೂ ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ.

ಈಗ ಪೇಪರ್‌ಬ್ಯಾಕ್. ನಾನು ಪತ್ತೇದಾರಿ ಕಾದಂಬರಿಯನ್ನು ಓದುವ ಬಗೆ ಹೀಗಿದೆ: ಎಡಗೈಯ ತೋರುಬೆರಳು ಯಾವಾಗಲೂ ಹಿಂದಿನ ಒಂದು ಪುಟದಲ್ಲಿ ಸಿಕ್ಕಿಕೊಂಡಿರುತ್ತದೆ, ಸಾಮಾನ್ಯವಾಗಿ ಸಾಕ್ಷಿಗಳ ಹೇಳಿಕೆ ಇರುವ ಪುಟದಲ್ಲಿ. ಗಡಿಯಾರ ನಿಂತ ಸಮಯವೆಷ್ಟು ಎಂದು ಅನುಮಾನ ಬಂದರೆ, ಅದು ಎಡಪುಟದ ಕೆಳಭಾಗದಲ್ಲಿತ್ತು ಎಂಬ ನೆನಪು ಕಣ್ಣಿಗೇ ಇರುತ್ತದೆ. ಎರಡು ಸಲ ಪುಟ ತಿರುವಿದರೆ ಸಿಕ್ಕಿಬಿಡುತ್ತದೆ, ಮುಂದಿನದೇನನ್ನೂ ನೋಡಬೇಕಾಗಿಲ್ಲ. ಪತ್ತೇದಾರನು ತನಗೆ ದೊರೆತ ಸುಳಿವನ್ನು ಆಗಿಂದಾಗಲೇ ಓದುಗರ ಮುಂದೆಯೂ ಇಡಬೇಕೆಂದು ಇಂಗ್ಲೆಂಡಿನ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ತಮ್ಮ ಹತ್ತು ನಿಯಮಗಳಲ್ಲಿ ಒಂದಾಗಿ ಬರೆದರು. ಆ ನಿಯಮಕ್ಕೆ ಅರ್ಥ ಬರಬೇಕಾದರೆ ಓದುಗನು ಹಿಂದಿರುಗಿ ಹೋಗಿ, ಹೌದು, ಇಲ್ಲಿ ಇಟ್ಟಿದ್ದರು, ನಾನೇ ನೋಡಲಿಲ್ಲ ಎಂದು ಹಣೆ ಚಚ್ಚಿಕೊಳ್ಳುವಂತಿರಬೇಕು.

ಕಾಗದಕ್ಕೆ ಕುಂದುಗಳಿಲ್ಲವೆಂದಲ್ಲ. ಬೆನ್ನುಡಿ ಬರೆಯುವವರು ಕೆಲವೊಮ್ಮೆ ಎರಡನೆಯ ಕೊಲೆಯನ್ನೇ ಹೇಳಿಬಿಡುತ್ತಾರೆ. ಪುಸ್ತಕ ಬಂದೊಡನೆ ಹಿಂಬದಿಗೆ ಕಂದುಕಾಗದದ ಹೊದಿಕೆ ಹಾಕುವುದು ಅದಕ್ಕೆ ನನ್ನ ಮದ್ದು. ಬಲಗೈಯಲ್ಲಿ ಉಳಿದ ಪುಟಗಳ ದಪ್ಪ ನೋಡಿ, ಇನ್ನೂ ನೂರು ಪುಟವಿರುವಾಗ ಸಿಕ್ಕಿಬಿದ್ದವನು ನಿಜವಾದ ಅಪರಾಧಿಯಲ್ಲವೆಂದು ಊಹಿಸಬಹುದು, ನಿಜ. ಕೊನೆಯ ಪುಟಕ್ಕೆ ಹಾರುವ ಚಪಲವನ್ನು ಕಾಗದ ತಡೆಯದು. ಆದರೆ ಅದು ನನ್ನ ಚಪಲ, ಪುಸ್ತಕದ ತಪ್ಪಲ್ಲ. ಅಮೆರಿಕದ ಹಾರ್ಪರ್ ಪ್ರಕಾಶನದವರು 1920ರ ದಶಕದ ಕೊನೆಯಲ್ಲಿ ಇಂಥವರಿಗಾಗಿಯೇ ಕಡೆಯ ಭಾಗವನ್ನು ಕಾಗದದ ಮೊಹರಿನಿಂದ ಮುಚ್ಚಿ, ಮೊಹರು ಒಡೆಯದೆ ಹಿಂದಿರುಗಿಸಿದರೆ ಹಣ ವಾಪಸು ಎಂದು ಮಾರಿದ್ದರು. ಗಟ್ಟಿ ರಟ್ಟಿನ ಆವೃತ್ತಿಯನ್ನು ನಾನು ಕೊಳ್ಳುವುದಿಲ್ಲ: ಮಲಗಿ ಓದುವಾಗ ನಿದ್ದೆ ಬಂದರೆ ಮೂಗಿನ ಮೇಲೆ ಬೀಳುತ್ತದೆ.

ಇಷ್ಟೂ ಹೇಳಿದ್ದು ಪತ್ತೇದಾರಿ ಕತೆಗಳಿಗೆ. ಗುಟ್ಟಿನ ಮೇಲೆ ನಿಲ್ಲದ ಗಂಭೀರ ಕಥಾನಕಗಳ ವಿಷಯದಲ್ಲಿ, ಅಂದರೆ ಒಂದು ಮನೆತನ ಒಡೆಯುವ ಅಥವಾ ಇಬ್ಬರ ನಡುವೆ ಮಾತು ನಿಲ್ಲುವ ಕತೆಗಳಲ್ಲಿ, ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಕೊನೆ ಮೊದಲೇ ತಿಳಿದರೆ ನಷ್ಟವೇನಿಲ್ಲ; ಎರಡನೆಯ ಸಲ ನೋಡುವಾಗಲೇ ನಟಿಯೊಬ್ಬಳು ಲೋಟವನ್ನು ಮೇಜಿನ ಮೇಲಿಡುವ ಮೊದಲು ತಡೆದ ಆ ಒಂದು ಕ್ಷಣ ಕಣ್ಣಿಗೆ ಬೀಳುತ್ತದೆ. ಮತ್ತೆ ಮತ್ತೆ ನೋಡುವುದಕ್ಕೆ ಕಪಾಟಿನಲ್ಲಿರುವ ಡಿಸ್ಕಿಗೆ ಸಮನಾದುದಿಲ್ಲ, ಅದರಲ್ಲಿಯೂ ನಿರ್ದೇಶಕರ ವ್ಯಾಖ್ಯಾನದ ಧ್ವನಿಪಥ ಇದ್ದರೆ. ಅಂಥ ಕತೆಗಳಿಗೆ ಮಾತ್ರ ನಾನು ಈಗಲೂ ಬ್ಲೂ-ರೇ ಕೊಳ್ಳುತ್ತೇನೆ, ವರ್ಷಕ್ಕೆ ಎರಡೋ ಮೂರೋ.

ನನ್ನ ಬಜೆಟ್ಟು ತಿಂಗಳಿಗೆ ಎರಡು ಪೇಪರ್‌ಬ್ಯಾಕ್‌ಗಳಷ್ಟು. ಒಂದು ಡಿಸ್ಕ್ ಪೆಟ್ಟಿಗೆ ಕೊಂಡರೆ ಎರಡು ತಿಂಗಳು ಪುಸ್ತಕವಿಲ್ಲ. ನನ್ನ ಓದು ರಾತ್ರಿ ಊಟವಾದ ಮೇಲಿನ ಮುಕ್ಕಾಲು ಗಂಟೆಯದು. ಹೊಸ ಕಾದಂಬರಿ ಗಟ್ಟಿ ರಟ್ಟಿನಲ್ಲಿ ಬಂದು ಪೇಪರ್‌ಬ್ಯಾಕ್ ಆಗುವಷ್ಟರಲ್ಲಿ ಹಲವೊಮ್ಮೆ ವರ್ಷವೇ ಕಳೆಯುತ್ತದೆ. ಅಷ್ಟು ದಿನ ವಿಮರ್ಶೆಗಳಿಂದ ಕಣ್ಣು ತಪ್ಪಿಸಿಕೊಂಡು ಓಡಾಡುವುದು ನನಗೆ ರೂಢಿಯಾಗಿದೆ. ದಾರಿಯಲ್ಲಿ ಓದುವವರಿಗೆ, ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಬೇಕಾದವರಿಗೆ ಇ-ಬುಕ್ಕೇ ಸರಿ, ಹೆಸರುಗಳನ್ನು ಹುಡುಕದಿದ್ದರಾಯಿತು. ಆ ವೈದ್ಯನ ಡಿಸ್ಕ್ ಪೆಟ್ಟಿಗೆಯನ್ನು ಮೊನ್ನೆ ಗೆಳೆಯರೊಬ್ಬರು ಕೇಳಿ ಪಡೆದರು. ಸಬ್‌ಟೈಟಲ್ ಹಾಕಬೇಡಿರೆಂದು ಹೇಳಬೇಕೆಂದಿದ್ದೆ, ಕಾರಣ ಕೇಳಿಯಾರೆಂದು ಸುಮ್ಮನಾದೆ. ಪತ್ರಿಕೆಯ ಪಟ್ಟಿಯನ್ನು ಮಾತ್ರ ಮಡಿಸಿ ಪೆಟ್ಟಿಗೆಯೊಳಗೆ ಇಟ್ಟು ಕೊಟ್ಟಿದ್ದೇನೆ.