ಕ್ರೋಮಿಯಂ 3 ಪ್ರೈಮ್ ವಿ3.1 ಕಿಟ್: ಯಾರಿಗೆ ಒಪ್ಪುತ್ತದೆ, ಎಲ್ಲಿ ಕೈಕೊಡುತ್ತದೆ

ಒಂದೊಂದೇ ಜೀವಕೋಶದ ಆರ್‌ಎನ್‌ಎ ಓದಲು ಪ್ರಯೋಗಾಲಯಗಳು ಹೆಚ್ಚಾಗಿ ಬಳಸುತ್ತ ಬಂದ ಕಿಟ್‌ಗಳಲ್ಲಿ 10ಎಕ್ಸ್ ಜೀನೋಮಿಕ್ಸ್‌ನ ಕ್ರೋಮಿಯಂ 3 ಪ್ರೈಮ್ ವಿ3.1 ಒಂದು. ಇದರ ರಾಸಾಯನಿಕಗಳನ್ನು ಧೈರ್ಯವಾಗಿ ನಂಬಬಹುದು. ಪ್ರಯೋಗ ಕೆಡುವುದು ಬಹುಪಾಲು ಚಿಪ್‌ಗೆ (ಸಣ್ಣ ಕಾಲುವೆಗಳಿರುವ ಫಲಕ) ಹಾಕುವ ಕೋಶದ್ರಾವಣದಲ್ಲಿ, ಇಲ್ಲವೇ ಕೊನೆಯ ಲೆಕ್ಕಾಚಾರದಲ್ಲಿ.

ಚಿಪ್‌ನ ಎಂಟು ಕಾಲುವೆಗಳಲ್ಲಿ ಕೋಶ, ಜೆಲ್ ಮಣಿ ಮತ್ತು ಎಣ್ಣೆ ಸೇರಿ ಸಣ್ಣ ಸಣ್ಣ ಹನಿಗಳಾಗುತ್ತವೆ. ಮಣಿಗೆ ಅಂಟಿದ ಪ್ರೈಮರ್ ಎಂಬ ಡಿಎನ್‌ಎ ತುಣುಕಿನಲ್ಲಿ ಯಾವ ಕೋಶದ್ದೆಂದು ಹೇಳುವ 16 ಅಕ್ಷರಗಳ ಬಾರ್‌ಕೋಡ್, ಪ್ರತಿ ಆರ್‌ಎನ್‌ಎ ಅಣುವಿಗೂ ಗುರುತು ಕೊಡುವ 12 ಅಕ್ಷರಗಳ ಯುಎಂಐ, ತುದಿಯಲ್ಲಿ ಆರ್‌ಎನ್‌ಎಯ ಪಾಲಿ-ಎ ಬಾಲ ಹಿಡಿಯುವ 30 ಟಿಗಳ ಸಾಲು ಇರುತ್ತದೆ. ಡಿಎನ್‌ಎ ಹೆಚ್ಚಿಸುವ ಪಿಸಿಆರ್‌ನಲ್ಲಿ ಹುಟ್ಟಿದ ನಕಲುಗಳನ್ನು ಕಳೆದು ಮೂಲ ಅಣುಗಳನ್ನಷ್ಟೇ ಎಣಿಸಲು ಯುಎಂಐ ಬೇಕು.

ಕೋಶದ್ರಾವಣ ಮೈಕ್ರೋಲೀಟರ್‌ಗೆ 700ರಿಂದ 1,200 ಕೋಶಗಳಷ್ಟಿರಬೇಕು, ಅವುಗಳಲ್ಲಿ ಶೇ. 90ಕ್ಕಿಂತ ಹೆಚ್ಚು ಜೀವಂತವಾಗಿರಬೇಕು. ಶೇ. 0.04 ಬಿಎಸ್‌ಎ ಪ್ರೋಟೀನ್ ಬೆರೆಸಿದ ಪಿಬಿಎಸ್ ಉಪ್ಪುದ್ರಾವಣದಲ್ಲಿ ತೊಳೆದು, 40 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಮಂಜುಗಡ್ಡೆಯ ಮೇಲಿಡಿ. ಸತ್ತ ಕೋಶಗಳಿಂದ ಸೋರಿದ ಆರ್‌ಎನ್‌ಎ ದ್ರಾವಣದಲ್ಲೆಲ್ಲ ಹರಡಿ ಪ್ರತಿ ಹನಿಯೊಳಗೂ ಸೇರುತ್ತದೆ. ಒಳಭಾಗ ಕೊಳೆತ ಗೆಡ್ಡೆಗಳಲ್ಲಂತೂ ಈ ಕಾಟ ವಿಪರೀತ: ಗೆಡ್ಡೆಯ ಕೋಶಗಳ ಜೀನ್‌ಗಳು ರೋಗನಿರೋಧಕ ಟಿ-ಕೋಶಗಳಲ್ಲೂ ಇರುವಂತೆ ಕಾಣತೊಡಗುತ್ತವೆ. ಸೂಪ್‌ಎಕ್ಸ್, ಸೆಲ್‌ಬೆಂಡರ್ ತಂತ್ರಾಂಶಗಳು ಇದನ್ನು ಒಂದಷ್ಟು ಕಳೆಯುತ್ತವೆ. ಹದಗೆಟ್ಟ ದ್ರಾವಣವನ್ನು ಮಾತ್ರ ಯಾವ ತಂತ್ರಾಂಶವೂ ಸರಿಮಾಡದು.

ವಯಸ್ಸಾಗುವಿಕೆಯ ಅಧ್ಯಯನದಲ್ಲಿ ಇನ್ನೊಂದು ಅಪಾಯ ಅಡಗಿದೆ. ಅಂಗಾಂಶ ಬಿಡಿಸಲು 37 ಡಿಗ್ರಿಯಲ್ಲಿ ಕಿಣ್ವ ಹಾಕಿಟ್ಟರೆ ಫಾಸ್, ಜುನ್ ಮತ್ತು ಶಾಖಾಘಾತದಂಥ ಒತ್ತಡದ ಜೀನ್‌ಗಳು ಏರುತ್ತವೆ. ಮುದಿ ಅಂಗಾಂಶದಲ್ಲಿ ನಾರು ಹೆಚ್ಚಿದ್ದರೆ ಅದಕ್ಕೆ ಹೆಚ್ಚು ಹೊತ್ತು ಕಿಣ್ವ ಬೇಕಾಗುತ್ತದೆ. ಆಗ ಕಿಣ್ವದ ಒತ್ತಡವೇ ವಯಸ್ಸಿನ ಪರಿಣಾಮದ ವೇಷ ತೊಟ್ಟು ಬರುತ್ತದೆ. ಎರಡೂ ಗುಂಪಿಗೆ ಒಂದೇ ಅವಧಿ ಇಡಿ, ಅಥವಾ ತಣ್ಣಗೆ ಕೆಲಸ ಮಾಡುವ ಪ್ರೋಟಿಯೇಸ್ ಕಿಣ್ವ ಬಳಸಿ. ಎರಡೂ ಆಗದಿದ್ದರೆ ಹೆಪ್ಪುಗಟ್ಟಿಸಿದ ಅಂಗಾಂಶದಿಂದ ಕೋಶಕೇಂದ್ರಗಳನ್ನಷ್ಟೇ ತೆಗೆದು ಓದಿಸಿ.

ಚಿಪ್ ತುಂಬುವುದು ಕಷ್ಟದ ಕೆಲಸವಲ್ಲ, ಆದರೆ ಅವಸರ ಸಲ್ಲದು. ಮೈನಸ್ 80ರಲ್ಲಿದ್ದ ಜೆಲ್ ಮಣಿಗಳನ್ನು 30 ನಿಮಿಷ ಕೋಣೆಯ ತಾಪಕ್ಕೆ ಬಿಡಿ. ಮೊದಲ ಸಾಲಿಗೆ ಕೋಶ ಬೆರೆಸಿದ ಮಿಶ್ರಣ 70 ಮೈಕ್ರೋಲೀಟರ್, ಎರಡನೆಯದಕ್ಕೆ ಮಣಿ 50. 30 ಸೆಕೆಂಡ್ ತಡೆದು ಮೂರನೆಯದಕ್ಕೆ ಎಣ್ಣೆ 45. ಖಾಲಿ ಉಳಿಯುವ ಬಾವಿಗಳಿಗೂ ಇದೇ ಅಳತೆಯಲ್ಲಿ ಶೇ. 50 ಗ್ಲಿಸರಾಲ್ ಹಾಕಲೇಬೇಕು. ಗುಳ್ಳೆ ಬಂದರೆ ಹನಿ ಸರಿಯಾಗಿ ಕಟ್ಟುವುದಿಲ್ಲ. ಹೊರಬಂದ ಹನಿಮಿಶ್ರಣ ಪಿಪೆಟ್ ತುದಿಯಲ್ಲಿ ಉದ್ದಕ್ಕೂ ಒಂದೇ ತೆರನಾಗಿ ಹಾಲಿನಂತೆ ಬೆಳ್ಳಗೆ ಕಾಣಬೇಕು. ತಿಳಿಯಾದ ಭಾಗ ಹೆಚ್ಚಿದ್ದರೆ ಕಾಲುವೆ ಕಟ್ಟಿಕೊಂಡಿರಬಹುದು ಅಥವಾ ಹನಿಗಳು ಸರಿಯಾಗಿ ಆಗಿಲ್ಲ. ಆ ಮಾದರಿಗೆ ಸೀಕ್ವೆನ್ಸಿಂಗ್ ಹಣ ಸುರಿಯಬೇಡಿ. ಮುಂದೆ ಆರ್‌ಎನ್‌ಎಯನ್ನು ಸಿಡಿಎನ್‌ಎಗೆ (ಅದರ ಡಿಎನ್‌ಎ ಪ್ರತಿ) ಬದಲಿಸಲು 53 ಡಿಗ್ರಿಯಲ್ಲಿ 45 ನಿಮಿಷ, 85ರಲ್ಲಿ 5 ನಿಮಿಷ. ಆ ಸಿಡಿಎನ್‌ಎ ಹೆಚ್ಚಿಸಲು ಕೋಶಗಳ ಸಂಖ್ಯೆ ನೋಡಿಕೊಂಡು 11ರಿಂದ 13 ಸುತ್ತು ಪಿಸಿಆರ್ ಸಾಕು. ಈ ಕಿಟ್‌ನ ದೊಡ್ಡ ಅನುಕೂಲವೆಂದರೆ, ಲೈಬ್ರರಿಗೆ (ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸುವ ಡಿಎನ್‌ಎ ತುಣುಕುಗಳಿಗೆ) ಸಿಡಿಎನ್‌ಎಯ ಕಾಲುಭಾಗ ಮಾತ್ರ ಹೋಗುತ್ತದೆ. ಉಳಿದದ್ದನ್ನು ಮೈನಸ್ 20ರಲ್ಲಿಟ್ಟರೆ, ಲೈಬ್ರರಿ ಕೆಟ್ಟಾಗ ಆ ಹಂತದಿಂದಲೇ ಮತ್ತೆ ಮಾಡಬಹುದು.

ಒಂದು ಕಾಲುವೆಯಿಂದ 10,000 ಕೋಶಗಳವರೆಗೆ ಪಡೆಯಬಹುದು. ಅದಕ್ಕೆ 16,000ದಷ್ಟು ಹಾಕಬೇಕು. ಆಸೆಗೆ ಬಿದ್ದು ಮಿತಿ ಮುಟ್ಟುವುದು ಬೇಡ. ಪಡೆದ ಪ್ರತಿ 1,000 ಕೋಶಕ್ಕೆ ಜೋಡಿಕೋಶಗಳು (ಒಂದೇ ಹನಿಗೆ ಬಿದ್ದ ಎರಡು ಕೋಶಗಳು) ಶೇ. 0.8ರಂತೆ ಏರುತ್ತವೆ, 10,000ಕ್ಕೆ ಅದು ಸುಮಾರು ಶೇ. 8. ಗೆಡ್ಡೆಯ ಜೀನ್ ತೋರುವ ಮ್ಯಾಕ್ರೋಫೇಜ್ (ನುಂಗುವ ರೋಗನಿರೋಧಕ ಕೋಶ) ನಿಜಕ್ಕೂ ಗೆಡ್ಡೆಯ ಕೋಶವನ್ನು ನುಂಗಿದೆಯೋ, ಎರಡು ಕೋಶ ಒಂದೇ ಹನಿಗೆ ಬಿದ್ದಿವೆಯೋ ಎಂದು ಹೇಳುವುದೇ ಕಷ್ಟವಾಗುತ್ತದೆ. ಸ್ಕ್ರಬ್ಲೆಟ್, ಡಬ್ಲೆಟ್‌ಫೈಂಡರ್ ತಂತ್ರಾಂಶಗಳು ಎರಡು ಬೇರೆ ಬಗೆಯ ಕೋಶಗಳ ಜೋಡಿಗಳನ್ನು ಹಿಡಿಯುತ್ತವೆ, ಒಂದೇ ಬಗೆಯ ಕೋಶಗಳವು ಬಹುತೇಕ ತಪ್ಪಿಸಿಕೊಳ್ಳುತ್ತವೆ. 5,000 ಕೋಶಗಳಿಗೆ ನಿಲ್ಲುವುದು ಜಾಣತನ. ಕೋಶಕ್ಕೆ 20,000 ರೀಡ್ (ಯಂತ್ರ ಓದಿದ ಅನುಕ್ರಮ) ಜೋಡಿಯಂತೆ ಅದಕ್ಕೆ 10 ಕೋಟಿ ಜೋಡಿ ಬೇಕು. ಅದೇ ಕಂಪನಿಯ ನಂತರ ಬಂದ ಜೆಮ್-ಎಕ್ಸ್ ಕಿಟ್ ಜೋಡಿಕೋಶಗಳನ್ನು ಅರ್ಧಕ್ಕಿಳಿಸಿದೆ, ಆದರೆ ಚಿಪ್ ನಡೆಸುವ ಹಳೆಯ ಯಂತ್ರದಲ್ಲಿ ಓಡದು.

ಕಿಟ್‌ನಿಂದ ಆಗದ ಕೆಲಸಗಳೂ ಇವೆ. ಆರ್‌ಎನ್‌ಎಯ 3 ಪ್ರೈಮ್ ತುದಿಯನ್ನಷ್ಟೇ (ಬಾಲದ ಕಡೆ) ಓದುವುದರಿಂದ ಕ್ಯಾನ್ಸರ್‌ನ ಹೆಚ್ಚಿನ ರೂಪಾಂತರಗಳು ಕಣ್ಣಿಗೆ ಬೀಳುವುದಿಲ್ಲ. ಇನ್‌ಫರ್‌ಸಿಎನ್‌ವಿ, ಕಾಪಿಕ್ಯಾಟ್ ತಂತ್ರಾಂಶ ಬಳಸಿ ವರ್ಣತಂತುಗಳ ದೊಡ್ಡ ಏರಿಳಿತಗಳಿಂದ ಕ್ಯಾನ್ಸರ್ ಕೋಶಗಳನ್ನು ಗುರುತಿಸಬಹುದು, ಅಷ್ಟೇ. ಟಿ-ಕೋಶ ಗ್ರಾಹಕದ ಪೂರ್ತಿ ಅನುಕ್ರಮ ಬೇಕಿದ್ದರೆ ಇನ್ನೊಂದು ತುದಿಯಿಂದ ಓದುವ 5 ಪ್ರೈಮ್ ಕಿಟ್ ತೆಗೆದುಕೊಳ್ಳಿ. ನ್ಯೂಟ್ರೋಫಿಲ್‌ ಎಂಬ ಬಿಳಿ ರಕ್ತಕಣಗಳಲ್ಲಿ ಆರ್‌ಎನ್‌ಎ ಕಡಿಮೆ, ಅದನ್ನು ಕತ್ತರಿಸುವ ಕಿಣ್ವ ಹೆಚ್ಚು. ಹಾಗಾಗಿ ಕಂಪನಿಯ ಎಣಿಕೆ ತಂತ್ರಾಂಶ ಸೆಲ್ ರೇಂಜರ್ ಅವನ್ನು ಖಾಲಿ ಹನಿಯೆಂದೇ ಎಣಿಸಿಬಿಡುವುದುಂಟು. ಕೊಬ್ಬಿನ ಕೋಶ, ಹೃದಯ ಸ್ನಾಯುಕೋಶಗಳು ಕಾಲುವೆಗೆ ತೀರಾ ದೊಡ್ಡವು. ಮುದಿಕೋಶಗಳ ಗುರುತಾದ ಪಿ16 ಕಡಿಮೆ ಮಟ್ಟದ ಜೀನ್. ಅಲ್ಲಿ ಸೊನ್ನೆ ಬಂದರೆ ಕೋಶದಲ್ಲಿ ಅದು ಇಲ್ಲವೇ ಇಲ್ಲ ಎಂದುಕೊಳ್ಳಬಾರದು.

ಇನ್ನು ಲೆಕ್ಕಾಚಾರ. ಮೂವರು ರೋಗಿಗಳಿಂದ 30,000 ಕೋಶ ಓದಿದರೂ ಮಾದರಿ ಮೂರೇ. ಪ್ರತಿ ಕೋಶವನ್ನೂ ಸ್ವತಂತ್ರ ಮಾದರಿಯೆಂದು ಹಿಡಿದರೆ ಪಿ-ಮೌಲ್ಯಗಳು ಚಮತ್ಕಾರದಂತೆ ಸಣ್ಣದಾಗುತ್ತವೆ, ಆದರೆ ಬಹಳಷ್ಟು ಪೊಳ್ಳು. ರೋಗಿವಾರು, ಕೋಶದ ಬಗೆವಾರು ಎಣಿಕೆಗಳನ್ನು ಕೂಡಿಸಿ ಡಿಇಸೆಕ್2 ಅಥವಾ ಎಡ್ಜ್‌ಆರ್ ಸಂಖ್ಯಾಶಾಸ್ತ್ರ ತಂತ್ರಾಂಶಕ್ಕೆ ಕೊಡಿ. ಎಳೆಯರ ಮಾದರಿಗಳನ್ನೆಲ್ಲ ಒಂದು ಚಿಪ್‌ಗೆ, ಮುದಿಯರದ್ದನ್ನು ಇನ್ನೊಂದಕ್ಕೆ ಹಾಕಿದರೆ ವಯಸ್ಸನ್ನು ಚಿಪ್‌ನಿಂದ ಬೇರ್ಪಡಿಸಲಾಗದು, ಬೆರೆಸಿ ಹಂಚಿ.

ತಾಜಾ ರಕ್ತ, ಸುಲಭವಾಗಿ ಬಿಡಿಸಿಕೊಳ್ಳುವ ಅಂಗಾಂಶ, ಕನಿಷ್ಠ ಐದಾರು ದಾನಿಗಳು ಕೈಯಲ್ಲಿದ್ದರೆ ಈ ಕಿಟ್ ಕೊಳ್ಳಿ. ಶಸ್ತ್ರಕ್ರಿಯಾ ಕೊಠಡಿಯಿಂದ ಮಾದರಿ ಬರಲು ಗಂಟೆಗಟ್ಟಲೆ ಆಗುತ್ತದೆ ಅಥವಾ ಇರುವುದೆಲ್ಲ ಫಾರ್ಮಲಿನ್ ಮೇಣದ ತುಂಡುಗಳೇ ಎಂದಾದರೆ, ಪ್ರೋಬ್ (ಆಯ್ದ ಜೀನ್‌ಗಳ ಆರ್‌ಎನ್‌ಎಗೆ ಅಂಟುವ ಡಿಎನ್‌ಎ ತುಣುಕು) ಬಳಸುವ ಅದೇ ಕಂಪನಿಯ ಫ್ಲೆಕ್ಸ್ ಕಿಟ್ ಮೇಲು. ಅದರ ಸಿದ್ಧ ಪ್ರೋಬ್‌ಗಳಿರುವುದು ಮನುಷ್ಯ ಮತ್ತು ಇಲಿಗೆ ಮಾತ್ರ.