ಆಂಪ್ಲಿಫೈಯರ್ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಕಡಿಮೆ ಬಂದಾಗ ಎಲ್‌ಟಿಸ್ಪೈಸ್ ಎಷ್ಟು ನೆರವಾಗುತ್ತದೆ?

ಇದು ಉಚಿತ, ವೇಗದ ಸರ್ಕ್ಯೂಟ್ ಸಿಮ್ಯುಲೇಟರ್. ಆದರೆ ತಪ್ಪನ್ನು ತಾನಾಗಿ ತೋರಿಸುವ ಸ್ವಭಾವ ಇದಕ್ಕಿಲ್ಲ, ನಾವೇ ಕೆದಕಬೇಕು.

12 ವೋಲ್ಟ್ ಸಪ್ಲೈ, 4.7 ಕಿಲೋಓಮ್ ಕಲೆಕ್ಟರ್ ರೆಸಿಸ್ಟರ್, 1 ಕಿಲೋಓಮ್ ಎಮಿಟರ್ ರೆಸಿಸ್ಟರ್, 1 ಮಿಲಿಆಂಪಿಯರ್ ಕರೆಂಟ್ ಇರುವ ಕಾಮನ್ ಎಮಿಟರ್ ಹಂತವನ್ನೇ (ಒಂದೇ ಟ್ರಾನ್ಸಿಸ್ಟರ್‌ನ ಆಂಪ್ಲಿಫೈಯರ್) ನೋಡಿ. ಲೋಡ್ ಇಲ್ಲದಿದ್ದರೆ ಗೇನ್ ಸುಮಾರು 180, ಅಂದರೆ 45 ಡಿಬಿ ಬರಬೇಕು. ಎಮಿಟರ್ ರೆಸಿಸ್ಟರ್‌ಗೆ ಸಮಾನಾಂತರವಾಗಿ ಹಾಕುವ ಬೈಪಾಸ್ ಕೆಪಾಸಿಟರ್ ಬಿಟ್ಟುಹೋದರೆ 4.6ಕ್ಕೆ ಇಳಿಯುತ್ತದೆ. 1 ಮೈಕ್ರೋಫ್ಯಾರಡ್ ಹಾಕಿದರೂ 1 ಕಿಲೋಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ (ಎಸಿಗೆ ಒಡ್ಡುವ ತಡೆ) 159 ಓಮ್, ಹಾಗಾಗಿ ಗೇನ್ 29ರ ಆಸುಪಾಸು. 100 ಮೈಕ್ರೋಫ್ಯಾರಡ್ ಹಾಕಿ. ಇನ್ನು 10 ಕಿಲೋಓಮ್ ಲೋಡ್ ಜೋಡಿಸಿದರೆ 123ರಷ್ಟೇ ಸಿಗುವುದು, ಅದು ದೋಷವಲ್ಲ.

ಎಲ್‌ಟಿಸ್ಪೈಸ್‌ನ ನಿಜವಾದ ಬಲ ಆಪರೇಟಿಂಗ್ ಪಾಯಿಂಟ್ (ಸಿಗ್ನಲ್ ಇಲ್ಲದಾಗಿನ ಡಿಸಿ ಸ್ಥಿತಿ) ವಿಶ್ಲೇಷಣೆ. ಅದನ್ನು ಓಡಿಸಿ ಕಂಟ್ರೋಲ್-ಎಲ್ ಒತ್ತಿದರೆ ತೆರೆಯುವ ಲಾಗ್‌ನಲ್ಲಿ, ಹಲವು ಆವೃತ್ತಿಗಳಲ್ಲಿ, ಪ್ರತಿ ಟ್ರಾನ್ಸಿಸ್ಟರ್‌ನ ಕರೆಂಟ್, ವೋಲ್ಟೇಜ್, ಟ್ರಾನ್ಸ್‌ಕಂಡಕ್ಟೆನ್ಸ್ (ಇನ್‌ಪುಟ್ ವೋಲ್ಟೇಜ್‌ಗೆ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬುದು) ಕಾಣುತ್ತವೆ. ಕಲೆಕ್ಟರ್-ಎಮಿಟರ್ ವೋಲ್ಟೇಜ್ 0.2 ವೋಲ್ಟ್ ಬಳಿ ಇದ್ದರೆ ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗಿದೆ, ಸರಿಯಾಗಿ ವರ್ಧಿಸಲಾರದು. ಮೊದಲು ಬಯಾಸ್ (ಟ್ರಾನ್ಸಿಸ್ಟರ್‌ನ ಡಿಸಿ ವ್ಯವಸ್ಥೆ) ಸರಿಪಡಿಸಿ, ಗೇನ್ ಮಾತು ಆಮೇಲೆ.

ಕಿರಿಕಿರಿಗಳೂ ಇವೆ. ರೆಸಿಸ್ಟರ್‌ಗೆ 1ಎಂ (1M) ಎಂದು ಬರೆದರೆ ಅದು ಮೆಗಾಓಮ್ ಅಲ್ಲ, ಮಿಲಿಓಮ್! ಸಣ್ಣಕ್ಷರ, ದೊಡ್ಡಕ್ಷರ ಇದಕ್ಕೆ ಒಂದೇ. ‘ಮೆಗ್’ (Meg) ಎಂದೇ ಬರೆಯಬೇಕು. ಸೋರ್ಸ್‌ನ ಎಸಿ ಆಂಪ್ಲಿಟ್ಯೂಡ್ 1ರ ಬದಲು 0.01 ಇದ್ದರೆ ಗ್ರಾಫ್ 40 ಡಿಬಿ ಕೆಳಗೆ ಕೂರುತ್ತದೆ, ಔಟ್‌ಪುಟ್ ಅನ್ನು ಇನ್‌ಪುಟ್‌ನಿಂದ ಭಾಗಿಸಿಯೇ ನೋಡಿ. ಎಸಿ ವಿಶ್ಲೇಷಣೆಯಲ್ಲಿ ಕ್ಲಿಪ್ಪಿಂಗ್ (ಅಲೆಯ ತುದಿ ಕತ್ತರಿಸಿಹೋಗುವುದು) ಕಾಣಿಸುವುದಿಲ್ಲ; ಅದಕ್ಕೆ ಟ್ರಾನ್ಸಿಯೆಂಟ್, ಅಂದರೆ ಸಮಯದೊಂದಿಗಿನ ವಿಶ್ಲೇಷಣೆ ಓಡಿಸಲೇಬೇಕು.