ಟ್ಯಾಂಕ್ ತುಂಬಿದ್ರೆ ಮೋಟರ್ ನಿಲ್ಬೇಕು, ನಾನು ಕೇಳಿದ್ದು ಅಷ್ಟೇ

ಮೊದ್ಲೇ ಹೇಳ್ಬಿಡ್ತೀನಿ, ಗೆದ್ದಿದ್ದು ಎಸ್‌ಪಿ ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿ ಬೀದಿ) 1,750 ರೂಪಾಯಿ ಕೊಟ್ಟು ತಂದ, ವೈರ್ ಎಳೆದು ಹಾಕೋ ಕಂಟ್ರೋಲರ್ ಡಬ್ಬ. ಸೋತಿದ್ದು ಆಸೆಪಟ್ಟು 4,600 ಸುರಿದು ಆನ್‌ಲೈನಲ್ಲಿ ತರಿಸಿದ ವೈಫೈ ಸೆನ್ಸರ್. ಇವೆರಡರ ಮಧ್ಯೆ 280 ರೂಪಾಯಿದೊಂದು ಕೂಗುಮಾರಿ ಅಲಾರಂ ಕೂಡ ಮನೆಗೆ ಬಂದು ಹೋಯ್ತು. ಮೂರನ್ನೂ ಒಂದೇ ಟ್ಯಾಂಕಿಗೆ ಹಾಕಿ, ಹತ್ಹತ್ರ ಒಂದು ವರ್ಷ ಒದ್ದಾಡಿದ್ಮೇಲೆ ಇದನ್ನ ಬರೀತಿದೀನಿ.

ನಮ್ಮದು ಕತ್ರಿಗುಪ್ಪೆ ಕಡೆ. ಕೆಳಗೆ ಸಂಪು, ತಾರಸಿ ಮೇಲೆ ಸಾವಿರ ಲೀಟರ್ ಟ್ಯಾಂಕು, ಮೆಟ್ಟಿಲ ಕೆಳಗೆ ಒಂದು ಎಚ್‌ಪಿ ಮೋಟರು. ಕಾವೇರಿ ದಿನ ಬಿಟ್ಟು ದಿನ, ಅದೂ ಯಾವಾಗ ಅಂತಿಲ್ಲ. ಬೆಂಗಳೂರಲ್ಲಿ ಸ್ವಂತ ಮನೆ ಇರೋರಿಗೆಲ್ಲ ಈ ಕಥೆ ಗೊತ್ತು, ಮೋಟರ್ ಹಾಕಿ ಕಾಫಿಗೆ ಹಾಲಿಟ್ಟು ಆಮೇಲೆ ಫೋನ್ ಬಂದು ಮಾತಾಡ್ತಾ ಕೂತು ಕೊನೆಗೆ ಪಕ್ಕದ್ಮನೆ ಅಂಕಲ್ ಕಾಂಪೌಂಡ್ ಮೇಲಿಂದ "ರೀ, ನಿಮ್ ಟ್ಯಾಂಕು!" ಅಂತ ಕೂಗಿದ್ಮೇಲೆ ಓಡೋದು. 2024ರ ಮಾರ್ಚಲ್ಲಿ ಬೋರ್‌ವೆಲ್ ಎಲ್ಲ ಒಣಗಿ, ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆವಾಗ್ಲಿಂದ ನೀರು ಉಕ್ಕಿದ್ರೆ ನಂಗೆ ಎದೆ ಧಸಕ್ ಅನ್ನತ್ತೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡ್ಕೊಂಡು ಬಂದ ನೀರದು, ನಮ್ ಗೋಡೆ ಮೇಲೆ ಪಾಚಿ ಬೆಳೆಸ್ತಿತ್ತು.

ಕೂಗುಮಾರಿದು ಬೇಗ ಮುಗಿಸ್ತೀನಿ. ಟ್ಯಾಂಕಲ್ಲಿ ಒಂದು ಸೆನ್ಸರ್, ಅಲ್ಲಿಂದ ಎರಡೆಳೆ ವೈರು, ಗೋಡೆಗೆ ಒಂದು ಸ್ಪೀಕರ್. ತುಂಬಿದ ತಕ್ಷಣ ಒಂದು ಹೆಂಗಸಿನ ದನಿ "ಟ್ಯಾಂಕ್ ತುಂಬಿದೆ, ದಯವಿಟ್ಟು ಮೋಟರ್ ಆಫ್ ಮಾಡಿ" ಅಂತ ಶುರು ಹಚ್ಕೊಳತ್ತೆ. ಕೆಲಸ ಮಾಡತ್ತೆ, ಸುಳ್ಳು ಹೇಳಲ್ಲ. ಆದ್ರೆ ನಮ್ ರೋಡಲ್ಲಿ ಇನ್ನೂ ನಾಲ್ಕು ಮನೇಲಿ ಅದೇ ಅಮ್ಮಣ್ಣಿ ಇದಾಳೆ! ಬೆಳಗ್ಗೆ ಆರಕ್ಕೆ ಅವಳು ಬಾಯಿ ತೆಗೆದ್ರೆ ಐದೂ ಮನೆಯವರು ಎದ್ದು ಬಂದು ಅವರವರ ಟ್ಯಾಂಕ್ ನೋಡ್ಕೋಬೇಕು. ಮನೇಲಿ ಯಾರೂ ಇಲ್ದಿದ್ರೆ ಅವಳು ಕೂಗ್ತಾನೇ ಇರ್ತಾಳೆ, ನೀರು ಹೋಗ್ತಾನೇ ಇರತ್ತೆ. ಒಂದೂವರೆ ತಿಂಗಳಿಗೆ ಕಿತ್ತು ಬಾಡಿಗೆಯವರಿಗೆ ಕೊಟ್ಟೆ.

ಈಗ ವೈಫೈ ಸೆನ್ಸರ್. ಬಾಕ್ಸ್ ನೋಡಿದ್ರೆ ಯಾರಿಗಾದ್ರೂ ಆಸೆ ಆಗತ್ತೆ. ಟ್ಯಾಂಕ್ ಮುಚ್ಚಳಕ್ಕೆ ತೂತು ಕೊರೆದು ಒಂದು ಕಪ್ಪು ಬಿಲ್ಲೆ ಕೂರಿಸೋದು, ಅದು ನೀರಿನ ಕಡೆ ಅಲ್ಟ್ರಾಸೌಂಡ್ ಬಿಟ್ಟು ವಾಪಸ್ ಬರೋ ಸದ್ದು ಕೇಳಿಸ್ಕೊಂಡು ದೂರ ಲೆಕ್ಕ ಹಾಕತ್ತೆ. 40 ಕಿಲೋಹರ್ಟ್ಸ್, ನಮ್ ಕಿವಿಗೆ ಕೇಳೋದು 20ರವರೆಗೆ ಅಷ್ಟೇ. ನೀರಿಗೆ ಏನೂ ಮುಟ್ಟಿಸಂಗಿಲ್ಲ, ಉಪ್ಪು ಕಟ್ಟಲ್ಲ, ಸೆನ್ಸರ್‌ಗೂ ಮೋಟರ್‌ಗೂ ನಡುವೆ ವೈರ್ ಎಳೆಯೋ ಕೆಲಸ ಇಲ್ಲ. ಮೊಬೈಲಲ್ಲಿ ನೀಲಿ ಟ್ಯಾಂಕಿನ ಚಿತ್ರ, ಅದರಲ್ಲಿ 63 ಪರ್ಸೆಂಟ್, ಅಲೆ ಬೇರೆ ಅಲ್ಲಾಡತ್ತೆ. 95 ಆದ್ರೆ ಮೋಟರ್ ಆಫ್ ಅಂತ ಸೆಟ್ ಮಾಡಿ ಆಫೀಸಲ್ಲಿ ಎಲ್ಲರಿಗೂ ತೋರಿಸ್ಕೊಂಡು ಓಡಾಡಿದ್ದೇ ಬಂತು.

ನಾಲ್ಕನೇ ದಿನ ಟ್ಯಾಂಕ್ ಉಕ್ಕಿತು. ಆಪ್ ನೋಡಿದ್ರೆ 79.

ಏನೋ ಒಂದ್ಸಲ ಆಯ್ತು ಅಂತ ಬಿಟ್ಟೆ, ಎರಡು ದಿನಕ್ಕೆ ಮತ್ತೆ ಅದೇ. ಕಸ್ಟಮರ್ ಕೇರ್ ಹುಡುಗ ಭಾಳ ಮರ್ಯಾದೆಯಿಂದ "ಸಾರ್ ರೀಸ್ಟಾರ್ಟ್ ಮಾಡಿ", ಆಮೇಲೆ "ಸಾರ್ ಅಪ್ಡೇಟ್ ಬರ್ತಿದೆ" ಅಂದ. ಕೊನೆಗೆ ಒಂದು ಭಾನುವಾರ ಬೆಳಗ್ಗೆ ಕೈಲಿ ಟೇಪು, ಟಾರ್ಚು, ಫೋನ್ ಹಿಡ್ಕೊಂಡು ಟ್ಯಾಂಕ್ ಪಕ್ಕ ಸ್ಟೂಲ್ ಮೇಲೆ ಹತ್ತಿ ಕೂತೆ. ಕೆಳಗಡೆ ಮೋಟರ್ ಆನ್ ಮಾಡಕ್ಕೆ ಅಮ್ಮ. ಆಪಲ್ಲಿ 86, 87, 88, 89 ಅಂತ ಚೆನ್ನಾಗೇ ಏರ್ತಾ ಬಂತು, ಅಲ್ಲಿಂದ ಸ್ವಲ್ಪ ಹೊತ್ತು ತಡಬಡಾಯಿಸಿ ಧಪ್ ಅಂತ 79ಕ್ಕೆ ಬಿತ್ತು. ಮುಚ್ಚಳದ ಸಂದೀಲಿ ಟಾರ್ಚ್ ಬಿಟ್ರೆ ನೀರು ಇನ್ನೂ ಏರ್ತಾನೇ ಇದೆ. ಸೆನ್ಸರ್ ಲೆಕ್ಕದಲ್ಲಿ ಟ್ಯಾಂಕ್ ಖಾಲಿ ಆಗ್ತಿದೆ, ಮೋಟರ್ ಯಾಕ್ ನಿಲ್ಲತ್ತೆ ಹೇಳಿ.

ಕಾರಣ ಆಮೇಲೆ ಓದಿ ತಿಳ್ಕೊಂಡೆ. ಆ ಬಿಲ್ಲೆ ಒಂದೇ, ಕೂಗೋದೂ ಅದೇ ಕೇಳಿಸ್ಕೊಳೋದೂ ಅದೇ. ದೇವಸ್ಥಾನದ ಗಂಟೆ ಹೊಡೆದ್ಮೇಲೆ ಗುಂಯ್ ಅಂತ ಸ್ವಲ್ಪ ಹೊತ್ತು ಇರತ್ತಲ್ಲ, ಹಾಗೇ ಸದ್ದು ಬಿಟ್ಮೇಲೆ ಅದೂ ಒಂದು ಕ್ಷಣ ನಡುಗ್ತಿರತ್ತೆ, ಆ ನಡುಕ ನಿಲ್ಲೋ ತನಕ ಅದು ಕಿವುಡು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗೋದ್ರಿಂದ 25 ಸೆಂಟಿಮೀಟರ್ ಹೋಗಿ ಬರಕ್ಕೆ ಒಂದೂವರೆ ಮಿಲಿಸೆಕೆಂಡ್ ಸಾಕು, ಅದಕ್ಕಿಂತ ಹತ್ರ ಇರೋ ನೀರಿನ ಮಾರ್ದನಿ ಇವನು ಕಿವುಡಾಗಿರೋವಾಗ್ಲೇ ಬಂದು ಹೋಗಿರತ್ತೆ. ಆ ಸದ್ದು ಮುಚ್ಚಳಕ್ಕೆ ಬಡಿದು ಮತ್ತೆ ನೀರಿಗೆ ಹೋಗಿ ಎರಡನೇ ಸಲ ವಾಪಸ್ ಬಂದಾಗ ಕೇಳಿಸತ್ತೆ, ಅಂದ್ರೆ 18 ಸೆಂಟಿಮೀಟರ್ ದೂರ ಇರೋ ನೀರು ಅವನಿಗೆ 36 ಅನ್ಸತ್ತೆ. ನಮ್ ಟ್ಯಾಂಕಲ್ಲಿ ಓವರ್‌ಫ್ಲೋ ಪೈಪ್ ಇರೋದು ಮುಚ್ಚಳದಿಂದ 14 ಸೆಂಟಿಮೀಟರ್ ಕೆಳಗೆ. ಟ್ಯಾಂಕ್ ತುಂಬೋ ಹೊತ್ತಲ್ಲೇ, ಅಂದ್ರೆ ನಂಗೆ ಅವನು ಬೇಕಾಗಿರೋದೇ ಆ ಹತ್ತು ನಿಮಿಷ, ಆವಾಗ್ಲೇ ಕೈ ಕೊಡ್ತಾನೆ.

ಸರಿ ಸೆನ್ಸರನ್ನೇ ಮೇಲೆತ್ತೋಣ ಅಂತ ನಾಲ್ಕಿಂಚಿನ ಪಿವಿಸಿ ಪೈಪ್ 15 ಸೆಂಟಿಮೀಟರ್ ಕುಯ್ಸಿ ಮುಚ್ಚಳದ ಮೇಲೆ ಚಿಮಣಿ ಥರ ನಿಲ್ಲಿಸಿ ಎಂಸೀಲ್ ಹಚ್ಚಿ ಅದರ ತಲೆ ಮೇಲೆ ಕೂರಿಸ್ದೆ. ಈಗ ಸದ್ದು ಪೈಪಿನ ಕೆಳಗಿನ ಅಂಚಿಗೆ ತಗುಲಿ ವಾಪಸ್ ಬರಕ್ಕೆ ಶುರುವಾಯ್ತು. ಆಪಲ್ಲಿ ಯಾವಾಗ ನೋಡಿದ್ರೂ 99. ಮೊದಲು ಮೋಟರ್ ನಿಲ್ತಿರಲಿಲ್ಲ, ಈಗ ಶುರುವೇ ಆಗಲ್ಲ. ಇದು ಗೊತ್ತಾಗಿದ್ದು ನಮ್ಮನೆಯವಳು ತಲೆಗೆ ಶಾಂಪೂ ಹಾಕ್ಕೊಂಡು ನಿಂತಿದ್ದಾಗ. ಆವತ್ತು ಬಾತ್‌ರೂಮ್ ಒಳಗಿಂದ ಬಂದ ಮಾತುಗಳನ್ನ ಇಲ್ಲಿ ಬರೆಯಂಗಿಲ್ಲ.

ಇನ್ನೊಂದೇ ದಾರಿ, 85ಕ್ಕೇ ಆಫ್ ಅಂತ ಸೆಟ್ ಮಾಡೋದು. ಹಾಗೂ ಮೂರು ತಿಂಗಳು ನಡೆಸ್ದೆ. ಸಾವಿರ ಲೀಟರ್ ಟ್ಯಾಂಕಲ್ಲಿ ನೂರೈವತ್ತು ಲೀಟರ್ ಸುಮ್ನೆ ಗಾಳಿ ತುಂಬಿಸಿಡೋದು ಅಂದ್ರೆ ಅದಕ್ಕಾ ನಾನು 4,600 ಕೊಟ್ಟಿದ್ದು? ಕಂಪನಿಯವರು ಬಾಕ್ಸ್ ಮೇಲೆ "ಮೇಲ್ಗಡೆ ಒಂದಡಿ ಜಾಗ ಇರ್ಬೇಕು" ಅಂತ ಒಂದು ಸಾಲು ಹಾಕಿದ್ರೆ ನಾನು ತಗೋತಾನೇ ಇರ್ಲಿಲ್ಲ. ಇದೊಂದು ಕಂಪನಿ ತಲೆನೋವಲ್ಲ, ಮುಚ್ಚಳಕ್ಕೆ ಕೂರೋ ಈ ಜಾತಿ ಸೆನ್ಸರಿಗೆಲ್ಲ ಹೆಚ್ಚುಕಮ್ಮಿ ಈ ಕಿವುಡು ಇದ್ದೇ ಇರತ್ತೆ, ಕೊಳ್ಳೋ ಮುಂಚೆ ಮುಚ್ಚಳದಿಂದ ಓವರ್‌ಫ್ಲೋ ಪೈಪಿಗೆ ಎಷ್ಟಿದೆ ಅಂತ ಟೇಪ್ ಹಿಡಿದು ನೋಡಿ.

ಕರೆಂಟ್ ಹೋದ್ರೆ ರೂಟರ್ ಸಾಯತ್ತೆ, ವಾಪಸ್ ಬಂದ್ರೂ ಆಪಲ್ಲಿ ಐದ್ಹತ್ತು ನಿಮಿಷ ಆಫ್‌ಲೈನ್. ಸೆನ್ಸರ್ ಬರೀ 2.4 ಗಿಗಾಹರ್ಟ್ಸ್ ವೈಫೈ ಹಿಡಿಯತ್ತೆ, ತಾರಸಿ ಸ್ಲ್ಯಾಬ್ ದಾಟಕ್ಕೆ 900 ರೂಪಾಯಿ ಎಕ್ಸ್‌ಟೆಂಡರ್ ಬೇರೆ.

ಬಾವನ ಮನೇಲಿ ಲೋರಾ ಅನ್ನೋ ರೇಡಿಯೋ ಮೇಲೆ ನಡೆಯೋದು ಹಾಕ್ಸಿದಾರೆ, ಅದಕ್ಕೆ ವೈಫೈ ಬೇಕಾಗೇ ಇಲ್ಲ, 865 ಮೆಗಾಹರ್ಟ್ಸ್ ಆಸುಪಾಸಲ್ಲಿ ಸ್ಲ್ಯಾಬು ಗೋಡೆ ಎಲ್ಲ ಆರಾಮಾಗಿ ದಾಟತ್ತೆ. ಚೆನ್ನಾಗಿದೆ. ರೇಟ್ ಕೇಳಿ ಸುಮ್ನಾದೆ.

ಇನ್ನು ನಮ್ ಹೀರೋ. ಎಸ್‌ಪಿ ರೋಡಿನ ಒಂದು ಗೂಡಂಗಡಿಯಷ್ಟೇ ಅಗಲದ ಅಂಗಡೀಲಿ ಸಿಕ್ಕಿದ್ದು. ಒಂದು ಬಿಳಿ ಡಬ್ಬ, ಮೂರು ಎಲ್‌ಇಡಿ, ಮೂರು ಫ್ಲೋಟು. ಟ್ಯಾಂಕಲ್ಲಿ ಮೇಲೊಂದು ಕೆಳಗೊಂದು, ಸಂಪಲ್ಲಿ ಒಂದು. ಫ್ಲೋಟ್ ಒಳಗೆ ಒಂದು ಅಯಸ್ಕಾಂತ, ಕಡ್ಡಿ ಒಳಗೆ ಸೊಳ್ಳೆಕಾಲಿನಷ್ಟು ಸಣ್ಣ ಗಾಜಿನ ಸ್ವಿಚ್. ನೀರು ಫ್ಲೋಟನ್ನ ಎತ್ತಿದ್ರೆ ಸ್ವಿಚ್ ಕಚ್ಕೊಳತ್ತೆ, ಡಬ್ಬದೊಳಗೆ ಟಕ್ ಅಂತ ರಿಲೇ (ಮೋಟರಿನ ಕರೆಂಟ್ ಕಡಿಯೋ ಸ್ವಿಚ್) ಬಿದ್ದು ಮೋಟರ್ ಆಫ್. ಈ ರೀಡ್ ಸ್ವಿಚ್ ಅನ್ನೋದನ್ನ ಬೆಲ್ ಲ್ಯಾಬ್ಸಲ್ಲಿ ಎಲ್ವುಡ್ ಅನ್ನೋರು ಮಾಡಿದ್ದು 1936ರಲ್ಲಂತೆ, ನಮ್ ತಾತನ ಕಾಲದ್ದು! ಪರ್ಸೆಂಟ್ ಗಿರ್ಸೆಂಟ್ ಗೊತ್ತಿಲ್ಲ ಅದಕ್ಕೆ. ಮೊದಲು ಅಪ್ಪ ಹಾಕ್ಸಿದ್ದ ಹಳೇದ್ರಲ್ಲಿ ಬರೀ ತಂತಿ ನೀರಲ್ಲಿ ಇಳಿಬಿಡ್ತಿದ್ರು, ಅದು ಬೋರ್ ನೀರಿಗೆ ಹಸಿರು ಕಿಲುಬು ಹಿಡಿದು ಆರು ತಿಂಗಳಿಗೊಂದ್ಸಲ ಉಜ್ಜಬೇಕಿತ್ತು. ಇದರಲ್ಲಿ ಕರೆಂಟ್ ನೀರಿಗೆ ಮುಟ್ಟೋದೇ ಇಲ್ಲ.

ನಂಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಸಂಪಿನ ಫ್ಲೋಟ್. ಸಂಪು ಖಾಲಿ ಇದ್ರೆ ಮೋಟರ್ ಆನ್ ಆಗಲ್ಲ. ಹಿಂದೆ ಒಂದ್ಸಲ ಕಾವೇರಿ ಬಂದಿಲ್ಲ ಅಂತ ಗೊತ್ತಾಗದೆ ಮುಕ್ಕಾಲು ಗಂಟೆ ಒಣ ಓಡಿಸಿ ಸೀಲ್ ಸುಟ್ಟು 2,200 ದಂಡ ತೆತ್ತಿದ್ದೆ.

ಇದಕ್ಕೂ ಕಿರಿಕಿರಿ ಇದೆ, ಇಲ್ಲ ಅನ್ನಲ್ಲ. ಎಲೆಕ್ಟ್ರಿಷಿಯನ್ 1,200, ಕೇಬಲ್ಲು ಪೈಪು 900, ಎಲ್ಲ ಕೂಡಿದ್ರೆ 3,850. ಹೊಸದಾಗಿ ಪೇಂಟ್ ಹೊಡೆಸಿದ ಗೋಡೆ ಮೇಲಿಂದ ಕೆಳಗೆ ಬೂದು ಪೈಪ್ ಹಾವಿನ ಥರ ಇಳಿದಿದೆ, ನೆಂಟರು ಬಂದಾಗೆಲ್ಲ ಅದರ ಕಥೆ ಹೇಳ್ಬೇಕು. ಮೊದಲು ಕೇಬಲನ್ನ ಹಂಗೇ ಎಳೆದಿದ್ರು, ಒಂದೇ ವಾರಕ್ಕೆ ಅಳಿಲು ಕಡಿದು ಹಾಕ್ತು, ಆಮೇಲೆ ಪೈಪ್ ಒಳಗೆ ಹಾಕ್ಸಿದ್ದು. ಮೋಟರ್ ಶುರುವಾಗೋವಾಗ ಐದಾರು ಪಟ್ಟು ಕರೆಂಟ್ ಎಳೆಯತ್ತೆ, ಡಬ್ಬದ ರಿಲೇ ಅಂಟ್ಕೊಂಡು ಬಿಡತ್ತೆ ಅಂತ ಎಲೆಕ್ಟ್ರಿಷಿಯನ್ "ಸಾರ್ ಒಂದು ಕಾಂಟ್ಯಾಕ್ಟರ್ ಹಾಕ್ಸಿ" ಅಂದ, ಅಂದ್ರೆ ಜಾಸ್ತಿ ಕರೆಂಟ್ ತಡ್ಕೊಳೋ ದೊಡ್ಡ ಸ್ವಿಚ್. ಇನ್ನೂ ಹಾಕ್ಸಿಲ್ಲ. ಹಾಕ್ಸ್ಬೇಕು.

ಎಂಟು ತಿಂಗಳಾಯ್ತು, ಒಂದು ತೊಟ್ಟು ಉಕ್ಕಿಲ್ಲ. ಬಾಡಿಗೆ ಮನೇಲಿದೀರಾ, ಗೋಡೆ ಕೊರೆಯಂಗಿಲ್ಲ, ಮನೇಲಿ ಯಾವಾಗ್ಲೂ ಒಬ್ಬರು ಇರ್ತಾರೆ ಅಂದ್ರೆ ಆ ಕೂಗುಮಾರಿನೇ ತಗೊಳ್ಳಿ, 280ಕ್ಕೆ ಮೋಸ ಇಲ್ಲ. ಟ್ಯಾಂಕಲ್ಲಿ ಮೇಲೆ ಜಾಗ ಇದ್ದು ಊರಿಗೆ ಹೋದಾಗ್ಲೂ ಫೋನಲ್ಲಿ ನೋಡ್ಬೇಕು ಅನ್ನೋರಿಗೆ ವೈಫೈ. ನಂಗೆ ಆಪ್ ತೆಗೆದು ನೋಡೋ ಅಭ್ಯಾಸವೇ ಇಲ್ಲ, ನೋಟಿಫಿಕೇಶನ್ ಬಂದ್ರೆ ಅತ್ತ ಸರಿಸಿಬಿಡೋ ಜಾತಿ ನಾನು.

ವೈಫೈ ಸೆನ್ಸರನ್ನ ಎಸೆದಿಲ್ಲ ಮತ್ತೆ. ಸಂಪಿನ ಕಲ್ಲು ಚಪ್ಪಡಿ ಕೆಳಗೆ ಕೂರಿಸಿದೀನಿ, ಅಲ್ಲಿ ಬಾಲ್ ವಾಲ್ವ್ ಮೇಲಿಂದ ಒಂದೂವರೆ ಅಡಿ ಇರೋವಾಗ್ಲೇ ನೀರು ನಿಲ್ಸತ್ತೆ, ರೂಟರ್ರೂ ಹತ್ರ, ಹಾಗಾಗಿ ಸರಿಯಾಗಿ ಹೇಳ್ತಿದೆ. ರಾತ್ರಿ ಹನ್ನೊಂದಕ್ಕೆ ಅಮ್ಮ "ನೀರ್ ಬಂತೇನೋ" ಅಂದ್ರೆ ಮಲಗಿದ ಜಾಗದಿಂದಲೇ "60 ಪರ್ಸೆಂಟ್ ಇದೆ ಕಣಮ್ಮ" ಅಂತೀನಿ. ಅವರು ಹೂಂ ಅಂದ್ಕೊಂಡೇ ಹೊರಗೆ ಹೋಗಿ ಚಪ್ಪಡಿ ಸರಿಸಿ, ಗೆರೆ ಹಾಕಿಟ್ಟಿರೋ ಬಿದಿರು ಕೋಲು ಇಳಿಸಿ ನೋಡ್ಕೊಂಡು ಬರ್ತಾರೆ.